ಕಡಲಾಮೆಯ ಊರಿನಿಂದ ಬಿಳಿಮೀನಿನ ಊರಿಗೆ

ಮೊದಲ ದಿನ: ಗುರುವಾರ, ಜನವರಿ 25

ನಮ್ಮದು ಹೊನ್ನಾವರದ ಹತ್ತಿರ, ಕಡಲ ದಂಡೆಯ ಊರು. ಶುಕ್ರವಾರ ಗಣರಾಜ್ಯೋತ್ಸವ, ಆಮೇಲೆ ಶನಿವಾರ, ಭಾನುವಾರ. ಇಂಥ ರಜೆ ಬಂತು ಅಂದರೆ ನಮ್ಮ ದಂಡೆಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಬೆಂಗಳೂರು, ಹುಬ್ಬಳ್ಳಿ ಕಾರುಗಳು ನಮ್ಮ ಅಂಗಳದ ತನಕ ಬಂದು ನಿಲ್ಲುತ್ತವೆ. ಅದನ್ನು ತಪ್ಪಿಸಿಕೊಳ್ಳೋಣ ಅಂತ ಹೆಂಡತಿ, ಮಗನ ಜೊತೆ ಕೊಡಗಿಗೆ ಹೊರಟೆ. ಅಲ್ಲಿಗೂ ಅದೇ ಜನ ಬಂದಿರುತ್ತಾರೆ ಅನ್ನುವುದು ಆಗ ಹೊಳೆಯಲೇ ಇಲ್ಲ.

ಬೆಳಿಗ್ಗೆ ಐದಕ್ಕೆ ಬಿಟ್ಟೆವು. ಮಂಗಳೂರು, ಪುತ್ತೂರು, ಸುಳ್ಯ. ದಾರಿಯ ಬಗ್ಗೆ ಹೇಳುವಂಥದ್ದೇನೂ ಇಲ್ಲ, ಹೆದ್ದಾರಿ ಕೆಲಸದ ಧೂಳು ಬಿಟ್ಟರೆ. ಸುಳ್ಯ ದಾಟಿದ ಮೇಲೆ ರಸ್ತೆ ಪಕ್ಕದಲ್ಲೇ ಪಯಸ್ವಿನಿ ಸಿಕ್ಕಿತು. ನೀರು ಕಡಿಮೆ, ಬಂಡೆಗಳೇ ಜಾಸ್ತಿ. ಹಿಂದಿನ ಮಳೆಗಾಲ ಕೈಕೊಟ್ಟಿತ್ತಲ್ಲ.

ಸಂಪಾಜೆಯಲ್ಲಿ ಚಹಾ ಕುಡಿದು ಘಾಟಿ ಹತ್ತುವಾಗ ನಮ್ಮ ಮುಂದೆ ಒಂದು ಟೂರಿಸ್ಟ್ ವ್ಯಾನ್ ಇತ್ತು. ಕಿಟಕಿಯಿಂದ ಒಂದು ನೀರಿನ ಬಾಟಲಿ ಹಾರಿ ಹೊಳೆಯ ಕಡೆ ಬಿತ್ತು. ಹಿಂದೆಯೇ ಚಿಪ್ಸ್ ಕವರ್. ಮಗ ನಾಲ್ಕನೇ ಕ್ಲಾಸು. "ಅದು ಎಲ್ಲಿಗೆ ಹೋಗುತ್ತೆ ಅಪ್ಪ?" ಅಂತ ಕೇಳಿದ. ಕಾರು ಓಡಿಸುತ್ತಲೇ ಲೆಕ್ಕ ಹಾಕಿದೆ. ಮಡಿಕೇರಿ ಬೆಟ್ಟದ ಆ ಕಡೆ ಬಿದ್ದ ಮಳೆ ಕಾವೇರಿಗೆ ಸೇರಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಈ ಕಡೆ ಬಿದ್ದದ್ದು ಪಯಸ್ವಿನಿಗೆ ಇಳಿದು, ಮುಂದೆ ಚಂದ್ರಗಿರಿ ಅನ್ನಿಸಿಕೊಂಡು ಕಾಸರಗೋಡಿನಲ್ಲಿ ಕಡಲು ಸೇರುತ್ತದೆ. ದಕ್ಷಿಣ ಕೊಡಗಿನ ಬರಪೊಳೆಯೂ ಹಾಗೇ, ಅದು ಕಣ್ಣೂರಿನ ಕಡೆಗೆ. ಅಂದರೆ ಮಳೆಗಾಲ ಬಂದರೆ ಆ ಬಾಟಲಿ ಬರುವುದು ನಮ್ಮ ಕಡಲಿಗೇ. "ನಮ್ಮನೆಗೆ" ಅಂದೆ. ಅವನು ನಕ್ಕ. ನಾನು ತಮಾಷೆ ಮಾಡಿರಲಿಲ್ಲ.

ಜೋಡುಪಾಲ, ಮದೆನಾಡು ದಾಟುವಾಗ 2018ರ ಆಗಸ್ಟಿನಲ್ಲಿ ಗುಡ್ಡ ಜಾರಿದ ಜಾಗಗಳು ಕಾಣಿಸಿದವು. ಮೇಲೆ ಹಸಿರು ಬಂದಿದೆ, ಆದರೂ ಗುರುತು ಸಿಗುತ್ತದೆ.

ನಾವು ಉಳಿದದ್ದು ನೆಲ್ಯಹುದಿಕೇರಿ ಹತ್ತಿರದ ಒಂದು ಹೋಂಸ್ಟೇಯಲ್ಲಿ. ತೋಟದ ಕೆಳಗಡೆಯೇ ಕಾವೇರಿ. ರೋಬಸ್ಟಾ ಕೊಯ್ಲು ನಡೆಯುತ್ತಿತ್ತು, ಕಣದ ತುಂಬ ಕಾಫಿ ಹಣ್ಣು ಹರಡಿತ್ತು. ಯಜಮಾನರಿಗೆ ಅರವತ್ತು ದಾಟಿದೆ. ಗೋಡೆಯ ಮೇಲೆ ಎದೆಮಟ್ಟಕ್ಕೆ ಒಂದು ಗೆರೆ ತೋರಿಸಿದರು. 2019ರಲ್ಲಿ ಹೊಳೆ ಅಲ್ಲಿಯವರೆಗೆ ಬಂದಿತ್ತಂತೆ. ಅದನ್ನು ಮನೆಗೆ ಬಂದ ನೆಂಟರ ಬಗ್ಗೆ ಹೇಳುವ ಹಾಗೆ ಹೇಳಿದರು.

ರಾತ್ರಿ ಊಟಕ್ಕೆ ಪಂದಿ ಕರಿ, ಜೊತೆಗೆ ಅಕ್ಕಿ ತರಿಯ ಉಂಡೆ ಕಡಂಬುಟ್ಟು. ಪಕ್ಕದಲ್ಲಿ ಹುರಿದ ಮತ್ತಿ. ನಮ್ಮಲ್ಲಿ ಅದಕ್ಕೆ ತಾರ್ಲೆ ಅನ್ನುತ್ತೇವೆ, ಮಂಗಳೂರಿನವರು ಬೂತಾಯಿ ಅನ್ನುತ್ತಾರೆ. ಕಡಲಿನಿಂದ ತಪ್ಪಿಸಿಕೊಂಡು ಬಂದರೆ ಕಡಲು ತಟ್ಟೆಗೇ ಬಂದು ಕೂತಿತ್ತು. ಕಣ್ಣೂರಿನಿಂದ ದಿನಾ ಲಾರಿ ಬರುತ್ತದಂತೆ.

ಹೊನ್ನಾವರ ಅಂದ ಕೂಡಲೇ ಯಜಮಾನರ ಮುಖ ಅರಳಿತು. "ಡಿಸೆಂಬರಲ್ಲಿ ಗೋಕರ್ಣಕ್ಕೆ ಬಂದಿದ್ದೆವು, ಇಡೀ ಕುಟುಂಬ" ಅಂತ ಮೊಬೈಲ್ ತೆಗೆದರು. ಡಾಲ್ಫಿನ್ ನೋಡಲು ದೋಣಿಯಲ್ಲಿ ಹೋದ ವಿಡಿಯೋ. ಮೊದಲು ಬರೀ ನೀರು, ಕಿರುಚಾಟ. ಆಮೇಲೆ ಒಂದು ಬೂದು ಬೆನ್ನು ಎದ್ದು ಮುಳುಗಿತು. ನಮ್ಮ ಕರಾವಳಿಯ ಗೂನು ಬೆನ್ನಿನ ಡಾಲ್ಫಿನ್ ಅದು. ತಕ್ಷಣ ದೋಣಿಯ ಎಂಜಿನ್ ಜೋರಾಯಿತು. ಎಡಗಡೆಯಿಂದ ಇನ್ನೆರಡು ದೋಣಿ, ಬಲಗಡೆಯಿಂದ ಇನ್ನೆರಡು. ಬೆನ್ನು ಎಲ್ಲಿ ಎದ್ದರೆ ಅಲ್ಲಿಗೆ ಐದೂ ದೋಣಿ. "ಓಡಿಸಿ ಓಡಿಸಿ ತೋರಿಸಿದ ಮಾರಾಯ. ಕೊಟ್ಟ ದುಡ್ಡಿಗೆ ಮೋಸ ಇಲ್ಲ" ಅಂದರು.

ನಾನು "ಚೆನ್ನಾಗಿದೆ" ಅಂದೆ. ಊಟ ಹಾಕಿದವರ ಹತ್ತಿರ ಇನ್ನೇನು ಹೇಳುವುದು. ಆದರೆ ಮಲಗುವಾಗ ಅದೇ ಕಣ್ಣ ಮುಂದೆ ಬರುತ್ತಿತ್ತು. ಡಾಲ್ಫಿನ್ ಮೀನಲ್ಲ, ಉಸಿರಿಗೆ ಅದು ಮೇಲೆ ಬರಲೇಬೇಕು. ಉಸಿರಿಗೆ ಬಂದಾಗಲೆಲ್ಲ ಐದು ಎಂಜಿನ್ ಮೈಮೇಲೆ ಬಂದರೆ ಹೇಗಿರುತ್ತದೆ?

ಎರಡನೇ ದಿನ: ಶುಕ್ರವಾರ

ದುಬಾರೆಗೆ ಬೇಗ ಹೋಗಿ ಅಂತ ಯಜಮಾನರು ಹೇಳಿದ್ದರು. ನಾವು ಬೇಗ ಅಂದುಕೊಂಡು ಹೋದಾಗ ಅರ್ಧ ಕರ್ನಾಟಕ ಅಲ್ಲಿತ್ತು. ಹೊಳೆಯ ಆಚೆ ದಡದಲ್ಲಿ ಆನೆ ಶಿಬಿರ. ಈಚೆ ದಡದಲ್ಲಿ ದೋಣಿಗೆ ಸಾಲು. ನೀರು ಇಳಿದಿದ್ದರಿಂದ ಅಲ್ಲಲ್ಲಿ ಬಂಡೆಗಳು ಎದ್ದಿದ್ದವು, ಬಂಡೆಗೊಂದು ಕುಟುಂಬ ಕೂತು ಫೋಟೋ ತೆಗೆಸಿಕೊಳ್ಳುತ್ತಿತ್ತು.

ಆನೆ ಸ್ನಾನ ನೋಡುವುದು ಸುಖವೇ, ಅದರಲ್ಲಿ ಎರಡು ಮಾತಿಲ್ಲ. ಮಗ ಒಂದು ಗಂಟೆ ಅಲ್ಲಾಡಲಿಲ್ಲ. ಇಲ್ಲಿಯ ಆನೆಗಳು ಮೈಸೂರು ದಸರಾಕ್ಕೆ ಹೋಗುತ್ತವೆ ಅಂತ ಗೊತ್ತಾದ ಮೇಲೆ ಪ್ರತಿ ಆನೆಯ ಹೆಸರು ಕೇಳತೊಡಗಿದ. ಸುತ್ತಲಿನ ಜನವೂ ಹಾಗೇ. ಯಾರೋ ಒಬ್ಬ ಆನೆಯ ತೀರಾ ಹತ್ತಿರ ಹೋದಾಗ ನಾಲ್ಕು ಜನ ಬೈದರು. "ಪಾಪ, ಅದಕ್ಕೆ ಗಾಬರಿ ಆಗುತ್ತೆ" ಅಂದಳು ಒಬ್ಬ ಹುಡುಗಿ.

ಅದೇ ಹುಡುಗಿ ಐದು ನಿಮಿಷದ ಮೇಲೆ ಮಸಾಲೆ ಮಂಡಕ್ಕಿ ತಿಂದು ಮುಗಿಸಿ, ಉಳಿದದ್ದನ್ನು ಪೊಟ್ಟಣದ ಸಮೇತ ನೀರಿಗೆ ಕೊಡವಿದಳು. "ಮೀನು ತಿನ್ನುತ್ತೆ" ಅಂತ ಗೆಳತಿಗೆ ಹೇಳಿದಳು. ಕೆಟ್ಟ ಮನಸ್ಸಿನಿಂದ ಮಾಡಿದ್ದಲ್ಲ. ಅವಳ ಪ್ರಕಾರ ಅದು ಪುಣ್ಯದ ಕೆಲಸ.

ದೋಣಿಯ ಸಾಲಿನಲ್ಲಿ ಹೊತ್ತು ಹೋಗಲಿ ಅಂತ ಸುಮ್ನೆ ಒಬ್ಬೊಬ್ಬರನ್ನು ಮಾತಿಗೆಳೆದೆ. ಈ ಹೊಳೆಯಲ್ಲಿ ಏನೇನು ಪ್ರಾಣಿ ಇದೆ ಗೊತ್ತಾ ಅಂತ. ಬೆಂಗಳೂರಿನ ಒಂದು ಗುಂಪು "ಮೊಸಳೆ ಇದೆಯಾ ಸರ್?" ಅಂತ ತಿರುಗಿ ನನ್ನನ್ನೇ ಕೇಳಿತು. ಮೀನು ಅಂದಾಗ ಅವರಲ್ಲಿ ಒಬ್ಬ "ಎಲ್ಲಿ ಫ್ರೈ ಸಿಗುತ್ತೆ?" ಅಂದ. ಮಂಡ್ಯದ ಒಬ್ಬ ಹಿರಿಯರು ಮಾತ್ರ ಬೇರೆ ಉತ್ತರ ಕೊಟ್ಟರು. "ಕಾವೇರಿ ತಾಯಿ ಸಾರ್. ಅವಳಿಗೆ ಏನೂ ಆಗಲ್ಲ." ಹೇಳಿ ಭಕ್ತಿಯಿಂದ ನೀರು ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ನಮ್ಮೂರಲ್ಲೂ ಈ ಮಾತು ಕೇಳಿದ್ದೇನೆ. ಕಡಲು ಏನನ್ನೂ ಒಳಗಿಟ್ಟುಕೊಳ್ಳುವುದಿಲ್ಲ, ದಡಕ್ಕೆ ಹಾಕುತ್ತದೆ ಅಂತ. ಫ್ರೈ ಕೇಳಿದವನಿಗಿಂತ ಈ ಮಾತಿಗೆ ನನಗೆ ಹೆಚ್ಚು ಹೆದರಿಕೆ. ತಾಯಿ ಎಲ್ಲ ತಡೆದುಕೊಳ್ಳುತ್ತಾಳೆ ಅಂದಮೇಲೆ ಮಕ್ಕಳಿಗೆ ಕೆಲಸವೇ ಉಳಿಯುವುದಿಲ್ಲ.

ರ‍್ಯಾಫ್ಟಿಂಗ್ ಹುಡುಗನೊಬ್ಬ ನಮ್ಮ ಮಾತು ಕೇಳಿಸಿಕೊಳ್ಳುತ್ತಿದ್ದ. ಸ್ಥಳೀಯ ಹುಡುಗ. ಆಮೇಲೆ ಹತ್ತಿರ ಬಂದು "ನೀರುನಾಯಿ ನೋಡಿದ್ದೀರಾ?" ಅಂದ. ಜನ ಬರುವ ಮೊದಲು, ಬೆಳಗಿನ ಜಾವ, ಮೇಲಿನ ತಿರುವಿನಲ್ಲಿ ಆರೇಳು ಒಟ್ಟಿಗೆ ಆಡುತ್ತವೆ ಅಂದ. ಒಂದು ಬಂಡೆ ತೋರಿಸಿದ. ಮೇಲೆ ಒಣಗಿದ ಹಿಕ್ಕೆ, ಅದರಲ್ಲಿ ಮೀನಿನ ಸಿಪ್ಪೆ ಹೊಳೆಯುತ್ತಿತ್ತು. "ಇದನ್ನ ಯಾರಿಗೂ ತೋರಿಸಲ್ಲ ಸರ್. ತೋರಿಸಿದ್ರೆ ನಾಳೆ ಐದು ಗಂಟೆಗೇ ಇಲ್ಲಿ ಜನ ಇರ್ತಾರೆ." ಹಾಗಾದರೆ ನನಗೆ ಯಾಕೆ ತೋರಿಸಿದೆ ಅಂತ ಕೇಳಬೇಕಿತ್ತು. ಕೇಳಲಿಲ್ಲ, ಖುಷಿಯಲ್ಲಿ ಇದ್ದೆ.

ನನ್ನ ಕಾಣಿಕೆಯನ್ನೂ ಹೇಳಿಬಿಡುತ್ತೇನೆ. ವಾಪಸ್ ಬರುವಾಗ ಪಾಚಿ ಹಿಡಿದ ಬಂಡೆಯಲ್ಲಿ ಜಾರಿದೆ. ನನಗೇನೂ ಆಗಲಿಲ್ಲ. ಎಡಗಾಲಿನ ಪ್ಲಾಸ್ಟಿಕ್ ಚಪ್ಪಲಿ ತೇಲಿಕೊಂಡು ಹೊರಟೇ ಹೋಯಿತು. ಕಸದ ಬಗ್ಗೆ ಎಲ್ಲರಿಗೂ ಪಾಠ ಹೇಳಿದವನು ಒಂದು ಕಾಲಲ್ಲಿ ಕುಂಟುತ್ತ ಕಾರಿಗೆ ಬಂದ. ಹೆಂಡತಿ ಸಂಜೆಯವರೆಗೂ ನಗುತ್ತಿದ್ದಳು.

ಮೂರನೇ ದಿನ: ಶನಿವಾರ

ಬೆಳಿಗ್ಗೆ ಆರಕ್ಕೆ ಯಜಮಾನರು ಬಾಗಿಲು ತಟ್ಟಿದರು. "ಹೊಳೆಗೆ ಬರ್ತೀರಾ?" ಮಂಜು ಇತ್ತು. ತೋಟದ ನಡುವೆ ಕಾಲುದಾರಿಯಲ್ಲಿ ಇಳಿದು ಒಂದು ಮಡುವಿನ ಹತ್ತಿರ ಕೂತೆವು. ಮೇಲೆ ನೀರು ಬಂಡೆಗಳ ನಡುವೆ ಸದ್ದು ಮಾಡುತ್ತ ಬಂದು, ಇಲ್ಲಿ ಸುಮ್ಮನಾಗುತ್ತದೆ. ಸ್ವಲ್ಪ ಹೊತ್ತಿನ ಮೇಲೆ ಮಡುವಿನ ನಡುವೆ ಧಪ್ ಅಂತ ಸದ್ದು. ಒದ್ದೆ ಬಟ್ಟೆ ಬಂಡೆಗೆ ಬಡಿದ ಹಾಗೆ.

"ಬಿಳಿಮೀನು" ಅಂದರು.

ಹೊಳೆಯ ದೊಡ್ಡ ಮೀನು ಮಹಶೀರ್‌ಗೆ ಇಲ್ಲಿಯ ಹೆಸರು. ಕಾಣಿಸಿದ್ದು ಬರೀ ಅಲೆಯ ಉಂಗುರ. ಅಷ್ಟಕ್ಕೇ ಅವರ ದನಿ ತಗ್ಗಿತು, ದೇವಸ್ಥಾನದ ಒಳಗೆ ಮಾತಾಡುವ ಹಾಗೆ. ಆಮೇಲೆ ಕಥೆ ಶುರುವಾಯಿತು.

ಅವರ ಹದಿಹರೆಯದಲ್ಲಿ ಈ ಮಡುವಿಗೆ ತೋಟೆ, ಅಂದರೆ ಸಿಡಿಮದ್ದು, ಹಾಕುತ್ತಿದ್ದರಂತೆ. ಇವರೂ ಹಾಕಿದ್ದಾರೆ. ಒಂದು ತೋಟೆ ಸಿಡಿದರೆ ದೊಡ್ಡದು, ಚಿಕ್ಕದು, ಮರಿ ಎಲ್ಲ ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು. ಬೇಕಾದ ಹತ್ತು ಆರಿಸಿಕೊಂಡು ಉಳಿದದ್ದನ್ನು ಬಿಟ್ಟು ಬರುವುದು. ಬೇಸಿಗೆಯಲ್ಲಿ ಸಣ್ಣ ತೋಡಿಗೆ ಮೀನಿಗೆ ಮತ್ತು ಬರಿಸುವ ಕಾರೆಕಾಯಿ ಜಜ್ಜಿ ಹಾಕುವುದು. ಮಳೆ ಶುರುವಾದಾಗ ಹತ್ತುಮೀನು. ಮೊಟ್ಟೆ ಇಡಲು ಹೊಳೆಯಿಂದ ತೋಡಿಗೆ, ತೋಡಿನಿಂದ ಗದ್ದೆಗೆ ಹತ್ತಿ ಬರುವ ಮೀನನ್ನು ದಾರಿಯಲ್ಲೇ ಹಿಡಿಯುವುದು. "ಬಸುರಿಯನ್ನ ಹೊಡೆದ ಹಾಗೆ ಅಲ್ವಾ? ಆಗ ಗೊತ್ತೇ ಆಗ್ಲಿಲ್ಲ."

ನಮ್ಮಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿ ಕಡಲಿಗೆ ಇಳಿಯುವ ಹಾಗಿಲ್ಲ ಅಂದೆ. ಕಾರಣ ಇದೇ, ಮೀನು ಮರಿ ಮಾಡುವ ಕಾಲ. ಅವರಿಗೆ ಆಶ್ಚರ್ಯ. "ಅದಕ್ಕೇನಾ ಆಗ ಮತ್ತಿಗೆ ಅಷ್ಟು ರೇಟು?" ಅಂದರು.

ಅವರು ಬದಲಾದದ್ದು ಹೇಗೆ ಅಂತ ಕೇಳಿದೆ. ವಾಲ್ನೂರಿನ ಕಡೆ ಹೊಳೆಯ ಒಂದು ಭಾಗವನ್ನು ಕೂರ್ಗ್ ವೈಲ್ಡ್‌ಲೈಫ್ ಸೊಸೈಟಿಯವರು ನೋಡಿಕೊಳ್ಳತೊಡಗಿದರು. ಕಾವಲು ಬಂತು. ಗಾಳ ಹಾಕಲು ಪರವಾನಗಿ, ಹಿಡಿದ ಮೀನನ್ನು ತಿರುಗಿ ನೀರಿಗೆ ಬಿಡಲೇಬೇಕು ಅನ್ನುವ ನಿಯಮ ಬಂತು. ಮೊದಮೊದಲು ಊರವರು ನಕ್ಕರಂತೆ. "ಇಷ್ಟು ದೂರದಿಂದ ಬಂದು, ದುಡ್ಡು ಕೊಟ್ಟು, ಮೀನು ಹಿಡಿದು, ಮುತ್ತು ಕೊಟ್ಟು ಬಿಡ್ತಾರೆ, ಹುಚ್ಚರು ಅಂದುಕೊಂಡೆವು. ಆಮೇಲೆ ನಮ್ಮ ಹೊಳೆಯಲ್ಲಿ ಏನೋ ಇದೆ ಅನ್ನಿಸ್ತು." ಈಗ ಯಾರಾದರೂ ಆ ಮಡುವಿಗೆ ತೋಟೆ ಹಾಕಿದರೆ ಕೋವಿ ಹಿಡಿದು ಹೋಗುತ್ತೇನೆ ಅಂದರು. ತಮಾಷೆಗೆ ಹೇಳಿದರು ಅಂದುಕೊಂಡಿದ್ದೇನೆ.

ಈ ಮೀನಿನ ಕಥೆ ಇಷ್ಟಕ್ಕೆ ಮುಗಿಯುವುದಿಲ್ಲ. ಕಾವೇರಿಯ ಸ್ವಂತ ಮಹಶೀರ್ ಅಂದರೆ ಗೂನು ಬೆನ್ನಿನ, ಕೇಸರಿ ಬಣ್ಣದ ಬಾಲದ ಜಾತಿ. ಕಾವೇರಿ ಮತ್ತು ಅದರ ಉಪನದಿ ಬಿಟ್ಟರೆ ಲೋಕದಲ್ಲಿ ಇನ್ನೆಲ್ಲೂ ಇಲ್ಲ. 1946ರಲ್ಲಿ ಮೈಸೂರಿನ ವಾನ್ ಇಂಗನ್ ಮನೆತನದವರೊಬ್ಬರು ಹಿಡಿದದ್ದು 120 ಪೌಂಡ್ ತೂಗಿತ್ತು, ಅಂದರೆ ಸುಮಾರು 54 ಕಿಲೋ. ನನ್ನ ಮಗನ ಎರಡರಷ್ಟು. ಮೀನು ಕಡಿಮೆಯಾಗುತ್ತಿದೆ ಅಂತ 1970ರ ದಶಕದ ಹೊತ್ತಿಗೆ ಜನ ಕಳವಳಗೊಂಡರು. ಲೋನಾವಳದಲ್ಲಿ ಸಾಕಿದ ಮರಿಗಳನ್ನು ತಂದು ಕಾವೇರಿಗೆ ಬಿಟ್ಟರು. ಆದರೆ ಅದು ನೀಲಿ ರೆಕ್ಕೆಯ ಬೇರೆ ಜಾತಿ. ಅದು ಚೆನ್ನಾಗಿ ಬೆಳೆಯಿತು, ಹರಡಿತು. ಹಳೆಯ ಗೂನು ಬೆನ್ನಿನದು ಅಪರೂಪವಾಗುತ್ತ ಹೋಯಿತು. ಅಣೆಕಟ್ಟು, ಮರಳು ತೆಗೆಯುವುದು, ತೋಟೆ ಇವೆಲ್ಲ ಇದ್ದೇ ಇದ್ದವು, ಅದರ ಜೊತೆ ಇದೂ ಸೇರಿತು. 2018ರಲ್ಲಿ ಅದಕ್ಕೆ ಟಾರ್ ರೆಮಾದೇವಿ ಅನ್ನುವ ವೈಜ್ಞಾನಿಕ ಹೆಸರು ಗಟ್ಟಿಯಾಯಿತು. ಅದೇ ವರ್ಷ ಅಳಿವಿನ ತೀರಾ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೂ ಸೇರಿತು. ಸರಿಯಾದ ಹೆಸರು ಸಿಗುವ ಹೊತ್ತಿಗೆ ಮೀನೇ ಕಡಿಮೆ.

"ಹಾಗಾದ್ರೆ ಈಗ ಹಾರಿದ್ದು ಯಾವುದು?" ಅಂತ ಕೇಳಿದೆ. ಯಜಮಾನರು ನೀರು ನೋಡಿದರು. "ಸದ್ದಲ್ಲಿ ಜಾತಿ ಗೊತ್ತಾಗಲ್ಲ" ಅಂದರು.

ಮಧ್ಯಾಹ್ನ ಹಾರಂಗಿಗೆ ಹೋದೆವು. ಅಲ್ಲಿ ಮೀನುಗಾರಿಕೆ ಇಲಾಖೆಯ ಮಹಶೀರ್ ಮರಿ ಕೇಂದ್ರ ಇದೆ, ಮಗನಿಗೆ ತೋರಿಸೋಣ ಅಂತ ಆಸೆ. ನಾಲ್ಕನೇ ಶನಿವಾರ ಅನ್ನುವುದು ಮರೆತೇಹೋಗಿತ್ತು. ಅಣೆಕಟ್ಟು ನೋಡಿ, ಐಸ್‌ಕ್ರೀಂ ತಿಂದು ಬಂದೆವು. ನಿಸರ್ಗಧಾಮಕ್ಕೂ ಹೋದೆವು. ಬಿದಿರು, ತೂಗುಸೇತುವೆ, ಜನ. ಅಷ್ಟೇ.

ಸಂಜೆ ಕಣದ ಪಕ್ಕ ಬೆಂಕಿ ಹಾಕಿ ಕೂತೆವು. ಯಜಮಾನರ ಸೊಸೆ ನಮ್ಮೂರಿನ ಆಮೆಗಳ ಬಗ್ಗೆ ಕೇಳಿದಳು, ಮಗ ಹೇಳಿಬಿಟ್ಟಿದ್ದನಂತೆ. ಸರಿ, ಶುರು ಮಾಡಿದೆ. ಚಳಿಗಾಲದಿಂದ ಬೇಸಿಗೆಯವರೆಗೆ ಆಲಿವ್ ರಿಡ್ಲಿ ಕಡಲಾಮೆ ರಾತ್ರಿ ದಡಕ್ಕೆ ಬರುತ್ತದೆ. ಮರಳು ತೋಡಿ ನೂರರ ಆಸುಪಾಸು ಮೊಟ್ಟೆ ಇಟ್ಟು, ಮುಚ್ಚಿ, ತಿರುಗಿ ನೋಡದೆ ಹೋಗುತ್ತದೆ. ಒಂದೂವರೆ ತಿಂಗಳಿಂದ ಎರಡು ತಿಂಗಳ ಒಳಗೆ ಮರಿ ಹೊರಗೆ. ಗೂಡು ತೋರಿಸಿದವರಿಗೆ ಅರಣ್ಯ ಇಲಾಖೆಯಿಂದ ಸಣ್ಣ ಬಹುಮಾನ ಸಿಗುತ್ತದೆ. ಆಮೇಲೆ ಬಲೆ ಕಟ್ಟಿ ಕಾಯುತ್ತಾರೆ. ಕಾಯುವವರಲ್ಲಿ ಮೀನುಗಾರರೇ ಜಾಸ್ತಿ. ಬಲೆಗೆ ಸಿಕ್ಕ ಆಮೆಯನ್ನು ಕೂರ್ಮಾವತಾರ ಅಂತ ಕೈಮುಗಿದು ಬಿಡುವವರಿದ್ದಾರೆ.

"ನಿಮ್ಮೂರಿನವರು ಒಳ್ಳೆಯವರು" ಅಂದಳು.

ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಬೆಳಿಗ್ಗೆ ಯಜಮಾನರು ತೋಟೆಯ ಕಥೆ ಮುಚ್ಚಿಡದೆ ಹೇಳಿದ್ದರು. ಅದಕ್ಕೆ ನಾನೂ ಹೇಳಿದೆ. ಚಿಕ್ಕವನಿದ್ದಾಗ ನಾವು ಆಮೆಯ ಹೆಜ್ಜೆ ಜಾಡು ಹಿಡಿದು ಹೋಗಿ, ಕೋಲಿನಿಂದ ಮರಳು ಚುಚ್ಚಿ ಗೂಡು ಪತ್ತೆ ಹಚ್ಚುತ್ತಿದ್ದೆವು. ಮೊಟ್ಟೆ ಮನೆಗೆ ಬರುತ್ತಿತ್ತು. ಬೇಯಿಸಿ ತಿಂದಿದ್ದೇನೆ. 1972ರ ವನ್ಯಜೀವಿ ರಕ್ಷಣೆಯ ಕಾನೂನು ಅಷ್ಟು ಹೊತ್ತಿಗೆ ಇತ್ತು, ನಮ್ಮ ಕೇರಿಗೆ ಬಂದಿರಲಿಲ್ಲ.

ಮಗ ನನ್ನನ್ನು ನೋಡಿದ ರೀತಿ ಮರೆಯುವುದಿಲ್ಲ. ಅವನಿಗೆ ಇದನ್ನು ಹೇಳಿರಲಿಲ್ಲ.

ಯಜಮಾನರು ಬೆಂಕಿಗೆ ಒಂದು ಕಾಫಿ ಬೊಡ್ಡೆ ಹಾಕಿದರು. ಸ್ವಲ್ಪ ಹೊತ್ತು ಬಿಟ್ಟು ಕೇಳಿದರು. "ನಾನು ಡಾಲ್ಫಿನ್ ವಿಡಿಯೋ ತೋರಿಸಿದಾಗ ನಿಮ್ಮ ಮುಖ ಸರಿ ಇರಲಿಲ್ಲ. ಅದು ತಪ್ಪಾ?"

ಹೇಳಿದೆ. ಓಡಿಸಿದರೆ ಅದಕ್ಕೆ ದಣಿವು, ತಾಯಿಯಿಂದ ಮರಿ ಬೇರೆಯಾಗುತ್ತದೆ. ನಮ್ಮ ಹಳೆಯ ದೋಣಿಯವರು ಎಂಜಿನ್ ಆಫ್ ಮಾಡಿ ದೂರದಲ್ಲಿ ನಿಲ್ಲುತ್ತಾರೆ, ಎಷ್ಟೋ ಸಲ ಅದೇ ನೋಡಲು ಹತ್ತಿರ ಬರುತ್ತದೆ. ಆದರೆ ನಿಂತ ದೋಣಿಯಲ್ಲಿ ಕೂತವರು ಹತ್ತು ನಿಮಿಷಕ್ಕೆ ಗಲಾಟೆ ಮಾಡುತ್ತಾರೆ, ಪಕ್ಕದ ದೋಣಿ ಹೋಯಿತಲ್ಲ ಅಂತ. ಮುಂದಿನ ಸಲ ಅವರ ದೋಣಿಗೆ ಯಾರೂ ಹತ್ತುವುದಿಲ್ಲ. ಪಾಪ, ಅವರ ಮನೆಯೂ ನಡೆಯಬೇಕು.

"ಗಲಾಟೆ ಮಾಡಿದವನು ನಾನೇ" ಅಂದರು ಯಜಮಾನರು. "ಓಡಿಸು ಅಂತ ಇನ್ನೂರು ರೂಪಾಯಿ ಜಾಸ್ತಿ ಕೊಟ್ಟೆ."

ಸೊಸೆ ಜೋರಾಗಿ ನಕ್ಕಳು. ಬಿಳಿಮೀನಿಗೆ ದನಿ ತಗ್ಗಿಸುವ ಮನುಷ್ಯ ಇವರೇ. ಗೋಕರ್ಣಕ್ಕೆ ಬಂದ ಕೂಡಲೇ ಅವರೂ ಟೂರಿಸ್ಟ್. ನಾನು ಮಾತ್ರ ಏನು? ಆಮೆಗೂಡಿನ ಹತ್ತಿರ ಟಾರ್ಚ್ ಹಾಕಿದವರಿಗೆ ಊರಲ್ಲಿ ಬೈಯುವವನು, ನೀರುನಾಯಿ ನೋಡಲು ನಾಳೆ ಬೆಳಗಿನ ಜಾವ ದುಬಾರೆಗೆ ಹೋಗೋಣವಾ ಅಂತ ಆಗಲೇ ಹೆಂಡತಿಗೆ ಹೇಳಿಯಾಗಿತ್ತು. ಕೊಡಗಿನಲ್ಲಿ 1,200ಕ್ಕೂ ಹೆಚ್ಚು ದೇವರಕಾಡುಗಳಿವೆ, ಒಂದೊಂದಕ್ಕೂ ಒಂದು ಊರಿನ ಹಕ್ಕು, ಕಟ್ಟುಪಾಡು. ಅಲ್ಲಿ ಮರಕ್ಕೆ ಕತ್ತಿ ಹಾಕಲು ಊರವರೇ ಹೆದರುತ್ತಾರೆ. ಬೇರೆಯವರ ಹೊಳೆ, ಬೇರೆಯವರ ಕಡಲು ಅಂದರೆ ಆ ಹೆದರಿಕೆ ಎಲ್ಲಿಂದ ಬರಬೇಕು?

ದುಬಾರೆಗೆ ಹೋಗಲಿಲ್ಲ. ಒಳ್ಳೆತನದಿಂದಲ್ಲ, ಅಲಾರಾಂ ಕೇಳಿಸಲಿಲ್ಲ.

ನಾಲ್ಕನೇ ದಿನ: ಭಾನುವಾರ

ಹೊರಡುವ ಮೊದಲು ಯಜಮಾನರ ಜೊತೆ ಮೀನಿನ ಅಂಗಡಿಗೆ ಹೋದೆ. ಮಂಜುಗಡ್ಡೆಯ ಮೇಲೆ ಬಂಗಡೆ, ಮತ್ತಿ, ಸ್ವಲ್ಪ ಸಿಗಡಿ. ಒಂದು ಬುಟ್ಟಿಯಲ್ಲಿ ಬೆರಳುದ್ದದ ಬಂಗಡೆ ಇತ್ತು. ಕೇರಳದಲ್ಲಿ 14 ಸೆಂಟಿಮೀಟರ್‌ಗಿಂತ ಸಣ್ಣ ಬಂಗಡೆ, 10ಕ್ಕಿಂತ ಸಣ್ಣ ಮತ್ತಿ ಹಿಡಿಯುವ ಹಾಗಿಲ್ಲ. ಅಂಗಡಿಯವನಿಗೆ ಹೇಳಿದೆ. "ಇಲ್ಲಿ ಸ್ಕೇಲ್ ಹಿಡಿದು ಯಾರು ಮೀನು ತಗೊಳ್ತಾರೆ ಅಣ್ಣ, ಕಿಲೋ ಲೆಕ್ಕ" ಅಂದ. ಅವನ ಮಾತಲ್ಲೂ ಹುರುಳಿತ್ತು. ಯಜಮಾನರು ಆ ಬುಟ್ಟಿ ಬಿಟ್ಟು ದೊಡ್ಡದು ತಗೊಂಡರು. ನಾನು ಪಕ್ಕದಲ್ಲಿ ನಿಂತಿದ್ದಕ್ಕೋ ಏನೋ.

ಮನೆ ಬಿಡುವಾಗ ಕಾಫಿ ಪುಡಿ, ಪಂದಿ ಕರಿಗೆ ಹಾಕುವ ಕಪ್ಪು ಹುಳಿ ಕಾಚಂಪುಳಿ ಒಂದು ಬಾಟಲಿ ಕೊಟ್ಟರು. ಗಾಜಿನ ಬಾಟಲಿ. "ಇದನ್ನ ಹೊಳೆಗೆ ಬಿಸಾಡಬೇಡಿ" ಅಂತ ನನ್ನ ಕಾಲು ನೋಡಿದರು. ಕುಶಾಲನಗರದಲ್ಲಿ ಕೊಂಡ ಹೊಸ ಚಪ್ಪಲಿ ಹಾಕಿದ್ದೆ.

"ಆಮೆ ಮರಿ ಯಾವಾಗ ಬರುತ್ತೆ?" ಅಂತ ಸೊಸೆ ಕೇಳಿದಳು.

ಮಾರ್ಚಿನಲ್ಲಿ ಬನ್ನಿ ಅಂದೆ. ಎರಡು ಮಾತು ಮೊದಲೇ ಹೇಳಿದೆ. ಮರಿ ಬೆಳಕಿನ ಕಡೆ ಹೋಗುತ್ತದೆ. ಕತ್ತಲಲ್ಲಿ ಕಡಲೇ ಬೆಳ್ಳಗೆ ಕಾಣುವುದರಿಂದ ಅತ್ತ ಓಡುತ್ತದೆ. ಹೋಟೆಲಿನ ದೀಪ, ಮೊಬೈಲ್ ಲೈಟ್ ಇದ್ದರೆ ದಾರಿ ತಪ್ಪಿ ರಸ್ತೆಗೆ ಬರುತ್ತದೆ. ಅದಕ್ಕೇ ಲೈಟ್ ಹಾಕಬಾರದು, ಕೈಯಲ್ಲಿ ಎತ್ತಲೂಬಾರದು.

"ಖಂಡಿತ ಬರ್ತೇವೆ" ಅಂದರು ಯಜಮಾನರು. ಕಾರು ಸ್ಟಾರ್ಟ್ ಮಾಡಿದೆ. ಗೇಟಿನ ಹತ್ತಿರ ಬಂದಾಗ ಹಿಂದಿನಿಂದ ಕೂಗಿದರು. ನಿಲ್ಲಿಸಿದೆ. ಕಿಟಕಿಗೆ ಬಗ್ಗಿ ಮೆಲ್ಲಗೆ ಕೇಳಿದರು.

"ಲೈಟ್ ಹಾಕದೆ ವಿಡಿಯೋ ಬರುತ್ತಾ?"